ಗಮನಿಸದಿರುವುದನ್ನು ಕಲಿಯುವುದು

ಅಷ್ಟಾವಧಾನದಲ್ಲಿ ಅತ್ಯಂತ ರುಚಿಕರವಾದ ಭಾಗ ಯಾವುದೆಂದು ಕೇಳಿದರೆ ಸಭಿಕರಲ್ಲಿ ಹೆಚ್ಚಿನವರು ಅಪ್ರಸ್ತುತ ಪ್ರಸಂಗವನ್ನೇ ಹೆಸರಿಸುತ್ತಾರೆ. ಒಬ್ಬ ಪೃಚ್ಛಕರು ಅಕ್ಷರಕ್ಕೊಂದು ನಿಷೇಧ ಹಾಕುತ್ತಿರುತ್ತಾರೆ, ಇನ್ನೊಬ್ಬರು ಸಮಸ್ಯೆಯ ಸಾಲನ್ನು ಮುಂದಿಟ್ಟು ಕಾದಿರುತ್ತಾರೆ. ಅಷ್ಟರಲ್ಲಿ ಅಪ್ರಸ್ತುತ ಪ್ರಸಂಗಿ ತರಕಾರಿಯ ಬೆಲೆಯನ್ನೋ ಅಳಿಯನ ವಿಚಾರವನ್ನೋ ಎತ್ತುತ್ತಾನೆ. ಅವಧಾನಿ ಅದಕ್ಕೆ ಉತ್ತರವನ್ನೂ ಕೊಡಬೇಕು, ಅದರಲ್ಲಿ ಸಿಲುಕಿಕೊಳ್ಳಲೂ ಬಾರದು. ಇದರ ನಡುವೆ ಯಾರೋ ಆಗಾಗ ಗಂಟೆ ಬಾರಿಸುತ್ತಿರುತ್ತಾರೆ. ಎಷ್ಟು ಸಲ ಬಾರಿಸಿತೆಂಬುದನ್ನು ಕೊನೆಯಲ್ಲಿ ಹೇಳಬೇಕು. ನಮ್ಮ ಪೂರ್ವಿಕರು ಈ ಕ್ರೀಡೆಗೆ ಇಟ್ಟ ಹೆಸರನ್ನು ಗಮನಿಸಬೇಕು. ಅದು ಕವಿತ್ವವೂ ಅಲ್ಲ, ಸ್ಮರಣೆಯೂ ಅಲ್ಲ, ಅವಧಾನ. ಯಾವುದಕ್ಕೆ ಕಿವಿಗೊಡಬೇಕು, ಯಾವುದನ್ನು ಕೇಳಿಯೂ ಕೇಳದಂತಿರಬೇಕು ಎಂಬ ವಿವೇಕವೇ ಅಲ್ಲಿ ಪರೀಕ್ಷೆಗೆ ಒಳಗಾಗುವುದು.

ಇದು ಅಸಾಮಾನ್ಯರ ಸಾಹಸ. ಆದರೆ ಸಾಮಾನ್ಯರಾದ ನಾವೂ ಪ್ರತಿದಿನ ಇದರ ಸಣ್ಣ ರೂಪವೊಂದನ್ನು ಅರಿವಿಲ್ಲದೆಯೇ ಆಡುತ್ತಿರುತ್ತೇವೆ. ವರ್ಗವಾಗಿ ಹೊಸ ಊರಿಗೆ ಬಂದು, ರೈಲುಹಳಿಯ ಪಕ್ಕದ ಕಟ್ಟಡದಲ್ಲಿ ಮನೆ ಹಿಡಿದವರಿಗೆ ಮೊದಲ ವಾರ ಪ್ರತಿಯೊಂದು ಲೋಕಲ್ ಗಾಡಿಯೂ ಕೇಳಿಸುತ್ತದೆ. ತಿಂಗಳು ಕಳೆಯುವುದರೊಳಗೆ ಗಾಡಿಗಳು ಓಡುತ್ತಲೇ ಇರುತ್ತವೆ, ಕೇಳಿಸುವುದು ನಿಂತಿರುತ್ತದೆ. ಹಾಗೆ ನಿಲ್ಲದೆ ಹೋದರೆ? ಎಲ್ಲ ಸದ್ದೂ ಎಲ್ಲ ಮುಖವೂ ಎಲ್ಲ ಫಲಕವೂ ದಿನದಿನವೂ ಮೊದಲ ದಿನದಷ್ಟೇ ಹೊಸದಾಗಿ, ತನಗಾಗಿಯೇ ಏನನ್ನೋ ಹೇಳಲು ಬಂದಂತೆ ತೋರುತ್ತಿದ್ದರೆ? ಕಳೆದ ನೂರಕ್ಕೂ ಮಿಕ್ಕಿದ ವರ್ಷಗಳಲ್ಲಿ ಮನೋವೈದ್ಯರೂ ಮನಶ್ಶಾಸ್ತ್ರಜ್ಞರೂ ಈ ಪ್ರಶ್ನೆಯನ್ನು ಒಂದು ವಿಶೇಷ ಬಗೆಯ ಜನರ ಸಂದರ್ಭದಲ್ಲಿ ಕೇಳಿಕೊಂಡು ಬಂದಿದ್ದಾರೆ. ಆ ಜನರನ್ನು ಪುಸ್ತಕಗಳು ಈಗ ಸ್ಕಿಜೋಟೈಪಲ್ ಸ್ವಭಾವದವರು ಎನ್ನುತ್ತವೆ. ರೋಗಿಗಳಲ್ಲ, ಹಾಗೆಂದು ನಾಲ್ವರಂತೆಯೂ ಅಲ್ಲ. ಮಾತಿನಲ್ಲಿ ಒಂದಿಷ್ಟು ವಕ್ರ, ಶಕುನ ಸಂಕೇತಗಳಲ್ಲಿ ಅತಿಯಾದ ನಂಬಿಕೆ, ಗುಂಪಿನಲ್ಲಿ ಕಸಿವಿಸಿ, ಯಾರೋ ತನ್ನನ್ನೇ ಕುರಿತು ಮಾತನಾಡುತ್ತಿದ್ದಾರೆಂಬ ಗುಮಾನಿ. ಪ್ರತಿಯೊಂದು ಊರಿನಲ್ಲೂ ಇಂಥವರಿದ್ದಾರೆ. ನಮ್ಮ ಬಂಧುವರ್ಗದಲ್ಲಿ ಒಬ್ಬರನ್ನಾದರೂ ನೆನಪಿಸಿಕೊಳ್ಳಲಾಗದವರು ವಿರಳ. ಅವರ ಗಮನವನ್ನೂ ಕಲಿಕೆಯನ್ನೂ ಕುರಿತ ವಿಚಾರ ಬೆಳೆದು ಬಂದ ಬಗೆಯನ್ನು ಇಲ್ಲಿ ನಿರೂಪಿಸಲು ಯತ್ನಿಸುತ್ತೇವೆ.

ಕಥೆ ಜರ್ಮನಿಯಿಂದ ತೊಡಗುತ್ತದೆ. ಎಮಿಲ್ ಕ್ರೇಪಲಿನ್ ಲೈಪ್‌ಜಿಗ್ ನಗರದಲ್ಲಿ ವಿಲ್‌ಹೆಲ್ಮ್ ವುಂಟ್ ಅವರ ಪ್ರಯೋಗಶಾಲೆಯಲ್ಲಿ ದುಡಿದವರು. ಆಸ್ಪತ್ರೆಗೆ ಗಡಿಯಾರವನ್ನೂ ಕೂಡುವ ಲೆಕ್ಕದ ಹಾಳೆಗಳನ್ನೂ ತಂದವರಲ್ಲಿ ಅವರು ಮೊದಲಿಗರು. ಅಂಕಿಗಳನ್ನು ಸಾಲಾಗಿ ಕೂಡುತ್ತ ಹೋಗುವಾಗ ಮನಸ್ಸಿನ ದುಡಿಮೆ ಹೇಗೆ ಏರಿ ಹೇಗೆ ಇಳಿಯುತ್ತದೆಂಬುದನ್ನು ಗೆರೆಯಾಗಿ ಬರೆದಿಟ್ಟರು. ತಾವು ಡಿಮೆನ್ಷಿಯಾ ಪ್ರೀಕಾಕ್ಸ್ ಎಂದು ಹೆಸರಿಸಿದ ವ್ಯಾಧಿಯಲ್ಲಿ ಗಮನವನ್ನು ತನ್ನ ಇಚ್ಛೆಯಿಂದ ಒಂದೆಡೆ ನಿಲ್ಲಿಸುವ ಶಕ್ತಿ ಕುಂದುತ್ತದೆ ಎಂದು ಅವರು ಕಂಡರು. ಅದೇ ವ್ಯಾಧಿಗೆ 1908ರಲ್ಲಿ ಬರ್ಲಿನ್ನಿನ ಉಪನ್ಯಾಸವೊಂದರಲ್ಲಿ ಸ್ಕಿಜೋಫ್ರೀನಿಯಾ ಎಂಬ ಹೊಸ ಹೆಸರನ್ನಿತ್ತವರು ಜೂರಿಕ್ಕಿನ ಯೂಜೆನ್ ಬ್ಲಾಯ್ಲರ್. ಕನ್ನಡದಲ್ಲಿ ಇದನ್ನು ಛಿದ್ರಮನಸ್ಕತೆ ಎಂದು ಕರೆದವರಿದ್ದಾರೆ. ಮೂಲ ಗ್ರೀಕ್ ಪದದ ಅರ್ಥಕ್ಕೆ ಅದು ಹತ್ತಿರವಾದರೂ ಓದುಗರಲ್ಲಿ ಎರಡು ವ್ಯಕ್ತಿತ್ವಗಳ ಸಿನಿಮೀಯ ಕಲ್ಪನೆಯನ್ನು ಎಬ್ಬಿಸುವ ಅಪಾಯವಿದೆಯಾದ್ದರಿಂದ ನಾವು ಆಂಗ್ಲ ರೂಪವನ್ನೇ ಉಳಿಸಿಕೊಂಡಿದ್ದೇವೆ.

ಬ್ಲಾಯ್ಲರ್ ತಮ್ಮ ರೋಗಿಗಳೊಡನೆ ಆಸ್ಪತ್ರೆಯಲ್ಲಿಯೇ ವಾಸವಿದ್ದು ಅವರನ್ನು ಬಲ್ಲವರು. 1911ರಲ್ಲಿ ಹೊರಬಂದ ಅವರ ದೊಡ್ಡ ಗ್ರಂಥದಲ್ಲಿ ಎರಡು ಮಾತುಗಳು ನಮಗೆ ಮುಖ್ಯ. ಮೊದಲನೆಯದು, ಗೋಡೆಗೆ ಮುಖಮಾಡಿ ಕುಳಿತು ಲೋಕದ ಗೊಡವೆಯೇ ಇಲ್ಲವೆಂಬಂತೆ ತೋರುವ ರೋಗಿ ಸುತ್ತಮುತ್ತ ನಡೆದುದನ್ನೆಲ್ಲ ಆಶ್ಚರ್ಯವಾಗುವಷ್ಟು ವಿವರವಾಗಿ ಗ್ರಹಿಸಿಕೊಂಡಿರುತ್ತಾನೆ ಎಂಬುದು. ಅಂದರೆ ಗಮನ ಇಲ್ಲವೆಂದಲ್ಲ, ಅದಕ್ಕೆ ಜರಡಿ ಇಲ್ಲ. ಎರಡನೆಯದು, ಆಸ್ಪತ್ರೆಗೆ ಬಂದವರಿಗಿಂತ ಬಾರದೆ ಹೊರಗೇ ಉಳಿದವರು ಹೆಚ್ಚು ಎಂಬುದು. ಆ ಹೊರಗಿನವರ ಸ್ಥಿತಿಯನ್ನು ಅವರು ಸುಪ್ತ ಸ್ಕಿಜೋಫ್ರೀನಿಯಾ ಎಂದರು. ಈ ಎರಡನೆಯ ಮಾತಿನ ಬೆಲೆ ಏನೆಂಬುದು ಆಗ ಯಾರಿಗೂ ತಿಳಿದಿರಲಿಲ್ಲ. ರೋಗವೆಂದರೆ ಕಾಣಿಸುವುದು ಎಂಬ ವೈದ್ಯಕೀಯದ ಹಳೆಯ ನಿಯಮಕ್ಕೆ ಇಲ್ಲೊಂದು ಬಿರುಕು ಬಿತ್ತು. ಕಾಣಿಸದ ರೋಗವನ್ನು ಕಂಡುಹಿಡಿಯುವ ಅಧಿಕಾರ ಯಾರದೆಂಬ ಪ್ರಶ್ನೆ ಆ ಬಿರುಕಿನಿಂದಲೇ ಮುಂದೆ ಹೊರಬಂದಿತು.

ಸ್ಕಿಜೋಟೈಪ್ ಎಂಬ ಪದವನ್ನು ಬಳಕೆಗೆ ತಂದವರು ಹಂಗೇರಿಯಿಂದ ಅಮೆರಿಕಕ್ಕೆ ವಲಸೆ ಬಂದಿದ್ದ ಮನೋವಿಶ್ಲೇಷಕ ಸ್ಯಾಂಡೋರ್ ರಾಡೋ, 1953ರಲ್ಲಿ. ಅದನ್ನು ಸಿದ್ಧಾಂತದ ಎತ್ತರಕ್ಕೆ ಒಯ್ದವರು ಮಿನ್ನೆಸೋಟದ ಪಾಲ್ ಮೀಲ್. 1962ರಲ್ಲಿ ಅಮೆರಿಕದ ಮನಶ್ಶಾಸ್ತ್ರ ಸಂಘದ ಅಧ್ಯಕ್ಷ ಭಾಷಣದಲ್ಲಿ ಮೀಲ್ ಮೂರು ಮೆಟ್ಟಿಲುಗಳನ್ನು ಕಟ್ಟಿದರು. ಹುಟ್ಟಿನಿಂದ ಬಂದ ನರಮಂಡಲದ ಒಂದು ಸೂಕ್ಷ್ಮ ದೋಷ, ಅದರ ಮೇಲೆ ಬದುಕಿನ ಕಲಿಕೆ ಕಟ್ಟುವ ಒಂದು ವಿಲಕ್ಷಣ ವ್ಯಕ್ತಿತ್ವ, ಅದು ಎಡವಿದಾಗ ಮಾತ್ರ ಉಂಟಾಗುವ ರೋಗ. ನಡುವಣ ಮೆಟ್ಟಿಲಿನಲ್ಲಿಯೇ ಬದುಕು ಸವೆಸುವವರು ಬಹುಮಂದಿ. ಕಲಿಕೆ ಎಂಬ ಮಾತು ಇಲ್ಲಿ ಅಲಂಕಾರಕ್ಕೆ ಬಂದುದಲ್ಲ. ದೋಷ ಎಷ್ಟೇ ಸಣ್ಣದಾಗಿರಲಿ, ದಿನವೂ ತಪ್ಪು ಸಂಬಂಧಗಳನ್ನು ಒಂದಿಷ್ಟಿಷ್ಟೇ ಕಲಿಯುತ್ತ ಹೋದ ಮನಸ್ಸು ಇಪ್ಪತ್ತು ವರ್ಷಗಳಲ್ಲಿ ಎಲ್ಲಿಗೆ ತಲುಪೀತು ಎಂಬುದು ಮೀಲ್ ಅವರ ತರ್ಕದ ಜೀವಾಳ.

ಸಿದ್ಧಾಂತಕ್ಕೆ ಸಾಕ್ಷ್ಯ ದೊರೆತದ್ದು ಡೆನ್ಮಾರ್ಕಿನಲ್ಲಿ. ಆ ದೇಶದವರು ದಾಖಲೆಗಳನ್ನು ಇಡುವುದರಲ್ಲಿ ನಮ್ಮ ಯಾವ ಕಚೇರಿಯನ್ನಾದರೂ ನಾಚಿಸುವವರು. 1924ರಿಂದ 1947ರವರೆಗೆ ಕೋಪನ್‌ಹೇಗನ್ನಿನಲ್ಲಿ ದತ್ತು ಹೋದ 5,483 ಮಕ್ಕಳ ಕಡತಗಳಿದ್ದವು. ಅಮೆರಿಕದ ಸೆಮೂರ್ ಕೆಟಿ, ಡೇವಿಡ್ ರೋಸೆಂತಾಲ್, ಪಾಲ್ ವೆಂಡರ್ ಹಾಗೂ ಡೆನ್ಮಾರ್ಕಿನ ಫಿನಿ ಶುಲ್ಸಿಂಗರ್ ಕೂಡಿ ಆ ಕಡತಗಳಿಂದ ಮುಂದೆ ಸ್ಕಿಜೋಫ್ರೀನಿಯಾಕ್ಕೆ ಒಳಗಾದ 33 ಮಂದಿಯನ್ನು ಆರಿಸಿದರು. ಹೆತ್ತವರ ಕಡೆಯ ನೆಂಟರಲ್ಲಿ ರೋಗ ಹೆಚ್ಚೋ ಸಾಕಿದವರ ಕಡೆಯಲ್ಲಿ ಹೆಚ್ಚೋ ಎಂಬುದು ಪ್ರಶ್ನೆ. 1968ರ ವರದಿಯಂತೆ ಹೆತ್ತ ಕಡೆಯ 150 ನೆಂಟರಲ್ಲಿ 13 ಮಂದಿಗೆ ಈ ವರ್ಣಪಟಲದ ಲಕ್ಷಣಗಳಿದ್ದವು. ಹೋಲಿಕೆಗೆಂದು ಆರಿಸಿಕೊಂಡ, ರೋಗವಿಲ್ಲದ ದತ್ತುಮಕ್ಕಳ ರಕ್ತಸಂಬಂಧಿಗಳು 156 ಮಂದಿ. ಅವರಲ್ಲಿ ಅಂಥವರು ಮೂವರು ಮಾತ್ರ.

ಈ ಅಂಕಿಗಳನ್ನು ನಾವು ನಿಧಾನವಾಗಿ ಓದಬೇಕು. ಆ 13 ಮಂದಿಯೆಲ್ಲರೂ ಪೂರ್ಣ ರೋಗಿಗಳಲ್ಲ. ಹಲವರು ಗಡಿಯಂಚಿನವರು, ಅಂದರೆ ನಾವು ಈಗ ಮಾತನಾಡುತ್ತಿರುವ ವಿಲಕ್ಷಣರು. ಅವರನ್ನು ತೆಗೆದುಹಾಕಿದರೆ ಲೆಕ್ಕ ಸೊರಗುತ್ತದೆ. ಸೇರಿಸಿಕೊಂಡರೆ ಅನುವಂಶೀಯತೆ ಗೆಲ್ಲುತ್ತದೆ. ಒಂದು ವ್ಯಕ್ತಿತ್ವ ವರ್ಗ ಹುಟ್ಟಿದ್ದು ಹೀಗೆ, ಒಂದು ವಾದವನ್ನು ನಿಲ್ಲಿಸುವ ಊರುಗೋಲಾಗಿ. ಹೀಗೆಂದು ಮೊದಲು ಹೇಳಿದವರು ನಾವಲ್ಲ. ನಮ್ಮ ಜೀನುಗಳಲ್ಲಿ ಅದಿಲ್ಲ ಎಂಬ ಅರ್ಥದ ಶೀರ್ಷಿಕೆಯುಳ್ಳ 1984ರ ಗ್ರಂಥದಲ್ಲಿ ರಿಚರ್ಡ್ ಲೆವಾಂಟಿನ್, ಸ್ಟೀವನ್ ರೋಸ್, ಲಿಯಾನ್ ಕಾಮಿನ್ ಮೂವರು ಈ ಆಕ್ಷೇಪವನ್ನು ವಿಸ್ತಾರವಾಗಿ ಮಂಡಿಸಿದರು. ಕಾಮಿನ್ ಹೆಸರನ್ನು ಓದುಗರು ಮನಸ್ಸಿನಲ್ಲಿಟ್ಟುಕೊಳ್ಳಬೇಕು, ಅವರು ಮತ್ತೊಂದು ವೇಷದಲ್ಲಿ ಮುಂದೆ ಬರಲಿದ್ದಾರೆ. ಆಕ್ಷೇಪದ ನಂತರವೂ ಡೇನಿಷ್ ಕಡತಗಳ ಮುಖ್ಯ ತೀರ್ಮಾನ ಬಿದ್ದುಹೋಗಲಿಲ್ಲ. ಆಮೇಲಿನ ಅಧ್ಯಯನಗಳೂ ರಕ್ತಸಂಬಂಧದ ಪಾತ್ರವನ್ನು ಎತ್ತಿಹಿಡಿದಿವೆ. 1979ರಲ್ಲಿ ರಾಬರ್ಟ್ ಸ್ಪಿಟ್ಜರ್ ಮತ್ತು ಸಂಗಡಿಗರು ಆ ಕಡತಗಳ ಆಧಾರದಲ್ಲಿ ಲಕ್ಷಣಗಳ ಪಟ್ಟಿಯೊಂದನ್ನು ಮಾಡಿದರು. 1980ರಲ್ಲಿ ಅಮೆರಿಕದ ಮನೋವೈದ್ಯ ಸಂಘದ ಕೈಪಿಡಿಯ ಮೂರನೆಯ ಆವೃತ್ತಿಯಲ್ಲಿ ಸ್ಕಿಜೋಟೈಪಲ್ ವ್ಯಕ್ತಿತ್ವ ದೋಷ ಅಧಿಕೃತವಾಗಿ ಪ್ರವೇಶ ಪಡೆಯಿತು.

ಗಮನದ ಕಥೆ ಇದಕ್ಕೆ ಸಮಾನಾಂತರವಾಗಿ ಬೇರೆ ಊರುಗಳಲ್ಲಿ ನಡೆಯುತ್ತಿತ್ತು. ಮ್ಯಾಸಚೂಸೆಟ್ಸ್ ಪ್ರಾಂತದ ವೂಸ್ಟರ್ ಸರ್ಕಾರಿ ಆಸ್ಪತ್ರೆಯಲ್ಲಿ ಡೇವಿಡ್ ಶಾಕೋ ರೋಗಿಗಳ ಪ್ರತಿಕ್ರಿಯೆಯ ವೇಗವನ್ನು ವರ್ಷಗಟ್ಟಲೆ ಅಳೆದರು. ಎಚ್ಚರಿಕೆಯ ಸೂಚನೆಗೂ ಕೆಲಸದ ಸಂಕೇತಕ್ಕೂ ನಡುವಿನ ಅವಧಿ ಉದ್ದವಾದಂತೆ ಅವರ ಸಿದ್ಧತೆ ಕರಗಿಹೋಗುತ್ತಿತ್ತು. ಇಂಗ್ಲೆಂಡಿನಲ್ಲಿ ಡೊನಾಲ್ಡ್ ಬ್ರಾಡ್‌ಬೆಂಟ್ 1958ರ ತಮ್ಮ ಗ್ರಂಥದಲ್ಲಿ ಗಮನವೆಂದರೆ ಒಂದು ಶೋಧಕ, ಮಿತವಾದ ಮನಸ್ಸಿಗೆ ಮಿತಿಯಿಲ್ಲದ ಲೋಕ ನುಗ್ಗದಂತೆ ತಡೆಯುವ ಬಾಗಿಲು ಎಂದರು. ಮೂರು ವರ್ಷದೊಳಗೆ ಸ್ಕಾಟ್ಲೆಂಡಿನ ಆಂಡ್ರ್ಯೂ ಮೆಕ್‌ಗೀ ಮತ್ತು ಜೇಮ್ಸ್ ಚಾಪ್‌ಮನ್ ಆ ಬಾಗಿಲಿನ ಚಿತ್ರವನ್ನು ಆಸ್ಪತ್ರೆಗೆ ಒಯ್ದರು. ರೋಗ ಆಗತಾನೆ ಆರಂಭವಾಗಿದ್ದ 26 ಮಂದಿಯ ಬಳಿ ಕುಳಿತು, ನಿಮಗೆ ಏನಾಗುತ್ತಿದೆ ಎಂದು ಕೇಳಿದರು, ಉತ್ತರವನ್ನು ಬರೆದುಕೊಂಡರು. ಆವರೆಗೆ ಆ ಪ್ರಶ್ನೆಯನ್ನು ಅಷ್ಟು ಶ್ರದ್ಧೆಯಿಂದ ಕೇಳಿದವರು ಕಡಿಮೆ. ಬಂದ ಉತ್ತರಗಳು ಒಂದೇ ದಿಕ್ಕಿಗೆ ಕೈತೋರಿದವು. ಸದ್ದುಗಳೆಲ್ಲ ಒಟ್ಟಿಗೆ ಬರುತ್ತವೆ, ಬೇಕಾದುದನ್ನು ಹೆಕ್ಕಲಾಗುವುದಿಲ್ಲ, ಎದುರಿನವರ ಮಾತಿಗಿಂತ ಪಕ್ಕದ ಕೋಣೆಯ ಮಾತು ಎಳೆಯುತ್ತದೆ, ನಡೆಯುವುದಕ್ಕೂ ಹೆಜ್ಜೆ ಹೆಜ್ಜೆಯನ್ನು ಯೋಚಿಸಬೇಕಾಗಿದೆ. ಅರ್ಧ ಶತಮಾನದ ಹಿಂದೆ ಬ್ಲಾಯ್ಲರ್ ಹೊರಗಿನಿಂದ ಕಂಡಿದ್ದನ್ನು ರೋಗಿಗಳು ಒಳಗಿನಿಂದ ಹೇಳಿದ್ದರು.

ಇನ್ನು ಆಡುಗಳ ವಿಷಯ. ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ 1959ರಲ್ಲಿ ರಾಬರ್ಟ್ ಲುಬೊ ಮತ್ತು ಮೂರ್ ಎಂಬ ಇಬ್ಬರು ಕುರಿ ಆಡುಗಳ ಮೇಲೆ ಮಾಡಿದ ಪ್ರಯೋಗ ಕೇವಲ ಐದು ಪುಟಗಳ ಲೇಖನವಾಗಿ ಪ್ರಕಟವಾಯಿತು. ಮಿನುಗುವ ದೀಪವೋ ತಿರುಗುವ ಚಕ್ರವೋ, ಎರಡರಲ್ಲಿ ಒಂದನ್ನು ಪ್ರಾಣಿಗೆ ಮೊದಲೇ ಹಲವು ಸಲ ತೋರಿಸುವುದು. ತೋರಿಸಿದ ಮೇಲೆ ಏನೂ ಆಗುವುದಿಲ್ಲ. ಆಮೇಲೆ ದೀಪ ಹಾಗೂ ಚಕ್ರ ಎರಡನ್ನೂ ಕಾಲಿಗೆ ತಗಲುವ ಸಣ್ಣ ವಿದ್ಯುದಾಘಾತದೊಡನೆ ಜೋಡಿಸಿ, ಸೂಚನೆ ಕಂಡೊಡನೆ ಕಾಲೆತ್ತುವುದನ್ನು ಪ್ರಾಣಿ ಎಷ್ಟು ಬೇಗ ಕಲಿಯುತ್ತದೆಂದು ನೋಡುವುದು. ಹೊಸದನ್ನು ಅದು ಬೇಗ ಕಲಿಯಿತು. ಹಿಂದೆ ನೋಡಿ ನೋಡಿ ನಿರುಪಯೋಗಿ ಎಂದು ತೀರ್ಮಾನಿಸಿದ್ದನ್ನು ಕಲಿಯಲು ತಡಮಾಡಿತು. ಈ ವಿದ್ಯಮಾನಕ್ಕೆ ಅವರಿಟ್ಟ ಹೆಸರನ್ನು ನಾವು ಸುಪ್ತ ಪ್ರತಿಬಂಧ ಎಂದು ಕನ್ನಡಿಸಬಹುದು.

ಇದು ಮೇಲೆ ಹೇಳಿದ ರೈಲಿನ ಸದ್ದಿಗಿಂತ ಒಂದು ಹೆಜ್ಜೆ ಮುಂದಿನದು. ಸದ್ದಿಗೆ ಒಗ್ಗಿಕೊಳ್ಳುವುದು ಬರಿಯ ಅಭ್ಯಾಸ. ಒಗ್ಗಿಕೊಂಡ ಸದ್ದಿಗೆ ನಾಳೆ ನಿಜವಾಗಿಯೇ ಅರ್ಥ ಬಂದಾಗ ಅದನ್ನು ತಿಳಿಯಲು ತಡವಾಗುವುದು ಸುಪ್ತ ಪ್ರತಿಬಂಧ. ನಿತ್ಯವೂ ಕೇಳುತ್ತಿರುವ ಶಿಳ್ಳೆಯಲ್ಲಿ ಒಂದು ದಿನದಿಂದ ಬೇರೆ ಸೂಚನೆ ಅಡಗಿದ್ದರೆ ಹಳೆಯ ನಿವಾಸಿಗಿಂತ ಹೊಸಬನೇ ಅದನ್ನು ಬೇಗ ಪತ್ತೆಮಾಡಿಯಾನು. ಗಮನಿಸದಿರುವುದೂ ಒಂದು ಕಲಿಕೆಯೇ, ಅದಕ್ಕೂ ತೆರಬೇಕಾದ ಬೆಲೆಯಿದೆ ಎಂಬ ಒಳನೋಟ ಈ ಐದು ಪುಟಗಳದು. ಸುಮಾರು ಹತ್ತು ವರ್ಷಗಳ ನಂತರ, ನಾವು ಆಗಲೇ ಭೇಟಿಯಾದ ಲಿಯಾನ್ ಕಾಮಿನ್ ಇದರ ಸೋದರ ವಿದ್ಯಮಾನವೊಂದನ್ನು ಇಲಿಗಳಲ್ಲಿ ತೋರಿಸಿದರು. ಒಂದು ಸೂಚನೆ ಆಗಲೇ ಪೂರ್ಣ ಮುನ್ಸೂಚನೆ ಕೊಡುತ್ತಿದ್ದರೆ ಅದರ ಜೊತೆಗೆ ಬಂದ ಹೊಸ ಸೂಚನೆಯನ್ನು ಪ್ರಾಣಿ ಕಲಿಯುವುದಿಲ್ಲ. ತಿಳಿದುದು ತಿಳಿಯದುದರ ದಾರಿಯನ್ನು ಅಡ್ಡಗಟ್ಟುತ್ತದೆ. ಹೀಗೆ, ಸ್ಕಿಜೋಟೈಪಲ್ ವರ್ಗದ ಅಡಿಪಾಯವನ್ನು ಅಲುಗಿಸಿದ ಮನುಷ್ಯನೇ ಆ ವರ್ಗದ ಜನರ ಕಲಿಕೆಯನ್ನು ಅಳೆಯಲು ಮುಂದೆ ಬಳಕೆಗೆ ಬಂದ ಸಾಧನಗಳಲ್ಲಿ ಒಂದನ್ನು ಒದಗಿಸಿದವನೂ ಹೌದು. ಇಂಥ ವಿನೋದಗಳು ವಿಜ್ಞಾನದ ಚರಿತ್ರೆಯಲ್ಲಿ ಅಪರೂಪವಲ್ಲ.

ಎಂಬತ್ತರ ದಶಕದಲ್ಲಿ ಟೆಲ್ ಅವೀವಿನಲ್ಲಿ ಲುಬೊ, ಇನಾ ವೀನರ್, ಜೋರಾಮ್ ಫೆಲ್ಡನ್ ಅವರು ಇಲಿಗಳಿಗೆ ಆಂಫೆಟಮಿನ್ ಕೊಟ್ಟಾಗ ಸುಪ್ತ ಪ್ರತಿಬಂಧ ಅಳಿದುಹೋಗುವುದನ್ನು ತೋರಿಸಿದರು. ಆಂಫೆಟಮಿನ್ ಮಿದುಳಿನಲ್ಲಿ ಡೋಪಮಿನ್ ಹೆಚ್ಚಿಸುವ ದ್ರವ್ಯ, ಅತಿಯಾಗಿ ಸೇವಿಸಿದ ಮನುಷ್ಯರಲ್ಲಿ ಭ್ರಮೆಗಳನ್ನು ಹುಟ್ಟಿಸಬಲ್ಲುದು. ಭ್ರಮೆಯನ್ನು ಇಳಿಸುವ ಹ್ಯಾಲೊಪೆರಿಡಾಲ್ ಆ ಪ್ರತಿಬಂಧವನ್ನು ಮರಳಿ ತರುತ್ತಿತ್ತು. ಆಡು, ಇಲಿ, ರೋಗಿ ಮೂರೂ ಒಂದೇ ಸರಪಳಿಯಲ್ಲಿ ಸೇರುವ ಹೊತ್ತು ಬಂದಿತ್ತು.

ಸೇರಿಸಿದವರು ಲಂಡನ್ನಿನ ಇನ್‌ಸ್ಟಿಟ್ಯೂಟ್ ಆಫ್ ಸೈಕಿಯಾಟ್ರಿಯ ಬರುಕ್, ಡೇವಿಡ್ ಹೆಮ್ಸ್ಲಿ, ಜೆಫ್ರಿ ಗ್ರೇ. 1988ರ ಅವರ ಪ್ರಯೋಗವನ್ನು ವಿವರವಾಗಿ ಹೇಳುವುದು ಲೇಸು, ಏಕೆಂದರೆ ನಮ್ಮ ಅವಧಾನ ಬಲ್ಲವರಿಗೆ ಅದು ಪರಿಚಿತವೆನಿಸೀತು. ಅರ್ಥವಿಲ್ಲದ ಅಕ್ಷರಗುಚ್ಛಗಳ ಧ್ವನಿಮುದ್ರಿಕೆಯನ್ನು ಕೇಳಿಸುತ್ತಾರೆ. ಒಂದು ನಿರ್ದಿಷ್ಟ ಗುಚ್ಛ ಎಷ್ಟು ಸಲ ಬಂತೆಂದು ಎಣಿಸಬೇಕು. ಅದೇ ಮುದ್ರಿಕೆಯಲ್ಲಿ ನಡುನಡುವೆ ಸುಯ್ಯೆನ್ನುವ ಅಸ್ಪಷ್ಟ ಸದ್ದೊಂದು ಬಂದು ಹೋಗುತ್ತಿರುತ್ತದೆ. ಅದರ ಬಗ್ಗೆ ಯಾರೂ ಏನೂ ಹೇಳಿರುವುದಿಲ್ಲ. ಹೋಲಿಕೆಗಾಗಿ ಇನ್ನೊಂದು ಗುಂಪಿಗೆ ಆ ಸದ್ದಿಲ್ಲದ ಮುದ್ರಿಕೆ. ಎರಡನೆಯ ಹಂತದಲ್ಲಿ ಎದುರಿಗಿರುವ ಫಲಕದ ಅಂಕಿ ಆಗಾಗ ಏರುತ್ತದೆ, ಏಕೆ ಏರುತ್ತಿದೆಯೆಂದು ಕಂಡುಹಿಡಿಯಬೇಕು. ಉತ್ತರ ಆ ಸುಯ್ಯೆಂಬ ಸದ್ದು. ಸದ್ದನ್ನು ಹಿಂದೆ ಕೇಳಿಲ್ಲದ ಸ್ವಸ್ಥರು ಬೇಗ ಕಂಡುಹಿಡಿದರು, ಕೇಳಿ ಕೇಳಿ ಬಿಟ್ಟಿದ್ದ ಸ್ವಸ್ಥರು ತಡವರಿಸಿದರು. ಇಷ್ಟು ನಿರೀಕ್ಷಿತ. ರೋಗದ ತೀವ್ರ ಘಟ್ಟದ ಆರಂಭದ ದಿನಗಳಲ್ಲಿದ್ದವರಲ್ಲಿ ಮಾತ್ರ ಈ ತಡವರಿಕೆಯೇ ಕಾಣಲಿಲ್ಲ. ಹಿಂದೆ ಆ ಸದ್ದನ್ನು ಕೇಳಿದ್ದರೂ ಅವರು ಅದನ್ನು ತಳ್ಳಿಹಾಕಿರಲಿಲ್ಲ, ಆದ್ದರಿಂದ ಸ್ವಸ್ಥರಿಗಿಂತ ಬೇಗನೆ ಉತ್ತರ ಕಂಡರು. ಕೆಲವು ವಾರಗಳ ಚಿಕಿತ್ಸೆಯ ನಂತರ ಅವರೂ ನಮ್ಮಂತೆ ತಡವರಿಸತೊಡಗಿದರು.

ಮನೋರೋಗದ ಪ್ರಯೋಗಗಳಲ್ಲಿ ರೋಗಿ ಸೋಲುವುದೇ ರೂಢಿ. ನಿಧಾನ, ಮರೆವು, ತಪ್ಪುಗಳ ಪಟ್ಟಿ, ಅವೆಲ್ಲಕ್ಕೂ ಔಷಧವನ್ನೋ ನಿರುತ್ಸಾಹವನ್ನೋ ಕಾರಣವಾಗಿ ತೋರಿಸಬಹುದು. ರೋಗಿ ಗೆಲ್ಲುವ ಪ್ರಯೋಗಕ್ಕೆ ಆ ವಿವರಣೆ ಹೊಂದುವುದಿಲ್ಲ. ಅದಕ್ಕಾಗಿಯೇ 1988ರ ಲೇಖನಕ್ಕೆ ಅಷ್ಟು ಪ್ರಸಿದ್ಧಿ. ಅದೇ ವರ್ಷ ಅದೇ ಮೂವರು ಪ್ರಕಟಿಸಿದ ಇನ್ನೊಂದು ಲೇಖನ ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು. ರೋಗವೇನೂ ಇಲ್ಲದ ಸಾಮಾನ್ಯರಿಗೆ ಪ್ರಶ್ನಾವಳಿ ಕೊಟ್ಟು, ಸ್ಕಿಜೋಟೈಪಲ್ ಒಲವಿನ ಅಂಕ ಹೆಚ್ಚು ಪಡೆದವರನ್ನು ನೋಡಿದಾಗ ಅವರಲ್ಲಿಯೂ ಸುಪ್ತ ಪ್ರತಿಬಂಧ ದುರ್ಬಲವಾಗಿತ್ತು. ಗೋಡೆಯ ಈಚೆಗೂ ಆಚೆಗೂ ಒಂದೇ ಗಾಳಿ ಬೀಸುತ್ತಿದೆ ಎಂಬುದಕ್ಕೆ ಇದೊಂದು ಸುಳಿವು. 1991ರಲ್ಲಿ ಮಾರ್ಕ್ ಲೆನ್‌ಜೆನ್‌ವೆಗರ್ ಮತ್ತು ಸಹೋದ್ಯೋಗಿಗಳು ವಿಚಿತ್ರ ಶಾರೀರಿಕ ಅನುಭವಗಳನ್ನು ಒಪ್ಪಿಕೊಂಡ ವಿದ್ಯಾರ್ಥಿಗಳಲ್ಲಿ ದೀರ್ಘಕಾಲ ಗಮನ ನಿಲ್ಲಿಸುವ ಶಕ್ತಿ ಕೊಂಚ ಕಡಿಮೆಯೆಂದು ತೋರಿಸಿದರು.

ಪ್ರಶ್ನಾವಳಿ ಎಂದೆವಲ್ಲ, ಅದರ ಬಗ್ಗೆ ಒಂದು ಮಾತು. ವಿಸ್ಕಾನ್ಸಿನ್ನಿನ ಲೊರೆನ್ ಮತ್ತು ಜೀನ್ ಚಾಪ್‌ಮನ್ ದಂಪತಿಗಳ ಬಳಗ 1976ರಿಂದ 1983ರವರೆಗೆ ರೂಪಿಸಿದ ಅಳತೆಗೋಲುಗಳು ಈ ಕ್ಷೇತ್ರದ ಮೂಲ ಉಪಕರಣಗಳು. ಅವುಗಳಲ್ಲೊಂದು ಮಾಂತ್ರಿಕ ಚಿಂತನೆಯದು. ಸಂಬಂಧವಿಲ್ಲದ ಘಟನೆಗಳ ನಡುವೆ ಕಾರಣ ಕಾಣುವ ಸ್ವಭಾವವನ್ನು ಅದು ಲೆಕ್ಕಹಾಕುತ್ತದೆ. ಹಲ್ಲಿ ಲೊಚಗುಟ್ಟಿದರೆ ನೆಲ ತಟ್ಟಿ ಕೃಷ್ಣ ಕೃಷ್ಣ ಎನ್ನುವ, ಒಂಟಿ ಸೀನಿಗೆ ಹೊಸ್ತಿಲಲ್ಲಿ ನಿಲ್ಲುವ ನಮ್ಮ ಹಿರಿಯರಿಗೆ ಅದನ್ನು ಕೊಟ್ಟಿದ್ದರೆ ಊರಿಗೆ ಊರೇ ಸ್ಕಿಜೋಟೈಪಲ್ ಆಗಿರುತ್ತಿತ್ತು. ಕೈಪಿಡಿ ರಚಿಸಿದವರಿಗೆ ಇದು ತಿಳಿಯದಿರಲಿಲ್ಲ. ವ್ಯಕ್ತಿಯ ಸಮುದಾಯದ ರೂಢಿಗೆ ಹೊಂದದ ನಂಬಿಕೆ ಮಾತ್ರ ಲಕ್ಷಣವೆಂದು ಈಗಿನ ಕೈಪಿಡಿಯಲ್ಲಿ ನಮೂದಿಸಿದ್ದಾರೆ. ಆದರೆ ರೂಢಿ ಯಾರದು? ಹಳ್ಳಿಯಲ್ಲಿ ರೂಢಿಯಾದುದು ಪುಣೆಯ ಅಪಾರ್ಟ್‌ಮೆಂಟಿನಲ್ಲಿ ವಿಲಕ್ಷಣ. ಊರು ಬಿಟ್ಟು ಬಂದ ನಮ್ಮಂಥವರು ಎರಡು ರೂಢಿಗಳ ನಡುವೆ ನಿಂತಿರುವುದರಿಂದ ಈ ಪ್ರಶ್ನೆ ನಮಗೆ ಬೇಗ ತಟ್ಟುತ್ತದೆ.

ಮೀಲ್ ಪಂಥದವರು ಸ್ಕಿಜೋಟೈಪ್ ಒಂದು ಪ್ರತ್ಯೇಕ ಜಾತಿ ಎನ್ನುತ್ತಾರೆ. ಆಕ್ಸ್‌ಫರ್ಡಿನ ಗಾರ್ಡನ್ ಕ್ಲಾರಿಜ್ ಇದಕ್ಕೆ ಎದುರು ನಿಂತರು. ರಕ್ತದೊತ್ತಡದಂತೆ, ಎತ್ತರದಂತೆ ಇದು ಎಲ್ಲರಲ್ಲಿಯೂ ಹೆಚ್ಚು ಕಡಿಮೆಯಾಗಿ ಹರಡಿರುವ ಗುಣ, ಅದರ ಮೇಲ್ತುದಿಯೂ ತನ್ನಷ್ಟಕ್ಕೆ ರೋಗವಲ್ಲ ಎಂಬುದು ಅವರ ನಿಲುವು. ನಮ್ಮ ಒಲವು ಕ್ಲಾರಿಜ್ ಕಡೆಗೆ. ಪ್ರಯೋಗಗಳು ಅವರನ್ನು ಪೂರ್ಣವಾಗಿ ಸಮರ್ಥಿಸಿದವೆಂದು ಅಲ್ಲ. ಪ್ರತ್ಯೇಕ ಜಾತಿಯೆಂಬ ಮಾತು ಅಧಿಕಾರದ ಕೈಗೆ ಸಿಕ್ಕಾಗ ಏನಾಗುತ್ತದೆಂಬುದನ್ನು ಇಪ್ಪತ್ತನೆಯ ಶತಮಾನ ತೋರಿಸಿಕೊಟ್ಟಿದೆ.

1968ರ ಆಗಸ್ಟ್ 25ರಂದು, ಸೋವಿಯತ್ ಸೇನೆ ಚೆಕೊಸ್ಲೊವಾಕಿಯಾವನ್ನು ಹೊಕ್ಕ ನಾಲ್ಕು ದಿನಗಳ ಬಳಿಕ, ಮಾಸ್ಕೋದ ಕೆಂಪು ಚೌಕದಲ್ಲಿ ಎಂಟು ಮಂದಿ ಕುಳಿತು ಪ್ರತಿಭಟಿಸಿದರು. ಅವರಲ್ಲಿ ಕವಯಿತ್ರಿ ನತಾಲ್ಯ ಗೊರ್ಬನೆವ್‌ಸ್ಕಾಯ ತಳ್ಳುಗಾಡಿಯಲ್ಲಿ ಹಸುಗೂಸನ್ನು ಕರೆತಂದಿದ್ದರು. 1969ರ ಡಿಸೆಂಬರಿನಲ್ಲಿ ಅವರನ್ನು ಬಂಧಿಸಿದ ಮೇಲೆ ಸರ್ಕಾರಿ ವೈದ್ಯರು ಕೊಟ್ಟ ನಿದಾನ ಮಂದಗತಿಯ ಸ್ಕಿಜೋಫ್ರೀನಿಯಾ. ಆಂದ್ರೇ ಸ್ನೆಜ್ನೆವ್‌ಸ್ಕಿ ಅವರ ಪಂಥ ಬೆಳೆಸಿದ ಈ ವರ್ಗಕ್ಕೆ ಭ್ರಮೆಯೂ ಬೇಡ, ಅಶರೀರವಾಣಿಯೂ ಬೇಡ. ಹಟ, ಅತಿಯಾದ ಸತ್ಯನಿಷ್ಠೆ, ಸಮಾಜವನ್ನು ತಿದ್ದುವ ಹಂಬಲ ಸಾಕು. ಆಕೆ ಕಜಾನಿನ ವಿಶೇಷ ಆಸ್ಪತ್ರೆಯನ್ನೂ ಕಂಡು 1972ರಲ್ಲಿ ಹೊರಬಂದರು. 1970ರಲ್ಲಿ ಜೀವವಿಜ್ಞಾನಿ ಜೊರೆಸ್ ಮೆಡ್ವೆಡೆವ್ ಅವರನ್ನು ಕಲೂಗಾದ ಆಸ್ಪತ್ರೆಯಲ್ಲಿ 19 ದಿನ ಇರಿಸಿಕೊಂಡಿದ್ದರು. ವಿಜ್ಞಾನಿಯಾದವನು ಸಮಾಜ ರಾಜಕೀಯಗಳ ಕುರಿತೂ ಬರೆಯುವುದನ್ನು ಅಲ್ಲಿನ ವೈದ್ಯರು ವ್ಯಕ್ತಿತ್ವದ ಬಿರುಕಿಗೆ ಸಾಕ್ಷ್ಯವೆಂದು ಎಣಿಸಿದರು. ಹಗಲು ಕಚೇರಿಯ ಟಿಪ್ಪಣಿ, ಇರುಳು ಕನ್ನಡ ಪ್ರಬಂಧ ಬರೆಯುವ ನಮ್ಮ ಬಳಗದ ಗತಿ ಅಲ್ಲಿ ಏನಾಗುತ್ತಿತ್ತೋ.

ಮಂದಗತಿಯ ಸ್ಕಿಜೋಫ್ರೀನಿಯಾವೂ ಸ್ಕಿಜೋಟೈಪಲ್ ವರ್ಗವೂ ಒಂದೇ ಎಂದು ನಾವು ಹೇಳುತ್ತಿಲ್ಲ. ಎರಡೂ ಬ್ಲಾಯ್ಲರ್ ಅವರ ಸುಪ್ತ ರೋಗವೆಂಬ ಒಂದೇ ಬೀಜಕ್ಕೆ ಸಂಬಂಧಿಸಿದವು ಎನ್ನುತ್ತಿದ್ದೇವೆ. ವಿಶ್ವ ಮನೋವೈದ್ಯ ಸಂಘ 1977ರ ಹೊನೊಲುಲು ಸಮಾವೇಶದಲ್ಲಿ ಸೋವಿಯತ್ ದುರುಪಯೋಗವನ್ನು ಖಂಡಿಸಿತು. 1983ರಲ್ಲಿ ಸೋವಿಯತ್ ಪ್ರತಿನಿಧಿಗಳು ಸಂಘದಿಂದಲೇ ಹೊರನಡೆದರು. ಇತ್ತ ಗೊರ್ಬನೆವ್‌ಸ್ಕಾಯ 1975ರಲ್ಲಿ ದೇಶ ಬಿಟ್ಟು ಪ್ಯಾರಿಸ್ ಸೇರಿದ್ದರು. ಅಲ್ಲಿನ ಮನೋವೈದ್ಯರು ಪರೀಕ್ಷಿಸಿ ಯಾವ ಕಾಯಿಲೆಯೂ ಇಲ್ಲವೆಂದರು.

ವರ್ಗದ ವಿಳಾಸವಂತೂ ಇಂದಿಗೂ ನಿಂತಿಲ್ಲ. ಅಮೆರಿಕದ ಕೈಪಿಡಿ ಅದನ್ನು ವ್ಯಕ್ತಿತ್ವ ದೋಷಗಳ ಸಾಲಿನಲ್ಲಿ ಕೂರಿಸಿತು. ನಮ್ಮ ದೇಶದ ಆಸ್ಪತ್ರೆಗಳು ಹೆಚ್ಚಾಗಿ ಅನುಸರಿಸುವ ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣ ಸ್ಕಿಜೋಫ್ರೀನಿಯಾದ ಮನೆಯೊಳಗೇ ಇಟ್ಟಿತು. 2013ರಲ್ಲಿ ಅಮೆರಿಕದವರು ಎರಡೂ ಅಧ್ಯಾಯಗಳಲ್ಲಿ ಹೆಸರು ಬರೆದು ರಾಜಿಯಾದರು. ಒಬ್ಬನೇ ಮನುಷ್ಯ ವಿಮಾನವೇರಿ ಇಳಿದರೆ ಸ್ವಭಾವದಿಂದ ರೋಗಕ್ಕೆ ದಾಟಿಬಿಡುವ ಸ್ಥಿತಿ ಇದು.

ಇನ್ನೊಂದು ತುದಿಯಲ್ಲಿ ವೈಭವೀಕರಣವೂ ನಡೆದಿದೆ. 2003ರಲ್ಲಿ ಶೆಲ್ಲಿ ಕಾರ್ಸನ್, ಜೋರ್ಡನ್ ಪೀಟರ್‌ಸನ್, ಡೇನಿಯಲ್ ಹಿಗಿನ್ಸ್ ಅವರು ಹಾರ್ವರ್ಡಿನ ವಿದ್ಯಾರ್ಥಿಗಳಲ್ಲಿ ಸೃಜನಶೀಲ ಸಾಧನೆಗೂ ದುರ್ಬಲ ಸುಪ್ತ ಪ್ರತಿಬಂಧಕ್ಕೂ ನಂಟು ಕಂಡರು. ಪತ್ರಿಕೆಗಳಿಗೆ ಹುಚ್ಚು ಮತ್ತು ಪ್ರತಿಭೆಯ ಹಳೆಯ ಜೋಡಿ ಮತ್ತೆ ದೊರೆಯಿತು. ಆಂಗ್ಲ ಸಾಹಿತ್ಯ ಓದಿದವರಿಗೆ ಈ ಜೋಡಿಯ ಮೋಹ ಎಷ್ಟೆಂಬುದು ಗೊತ್ತು. ರೊಮ್ಯಾಂಟಿಕ್ ಕವಿಗಳ ಪಾಠದಲ್ಲಿ ಅದು ತಪ್ಪದೆ ಬರುತ್ತದೆ. ಆದರೆ ಆ ಸಾಧಕರು ಹೆಚ್ಚಿನ ಬುದ್ಧಿಶಕ್ತಿಯುಳ್ಳವರೂ ಆಗಿದ್ದರು, ಬಾಗಿಲು ತೆರೆದಿದ್ದರೂ ಒಳನುಗ್ಗಿದುದನ್ನು ಜೋಡಿಸಿಡುವ ಕಸುವು ಅವರಿಗಿತ್ತು ಎಂಬ ಅರ್ಧವನ್ನು ಪತ್ರಿಕೆಗಳು ಅಷ್ಟಾಗಿ ಎತ್ತಿ ಹೇಳಲಿಲ್ಲ. ಆ ಕಸುವಿಲ್ಲದೆ ಬಾಗಿಲು ಮಾತ್ರ ತೆರೆದಿರುವ ಮನೆಗಳ ಸಂಕಟ ಅವುಗಳೊಳಗಿರುವವರಿಗೇ ಗೊತ್ತು.

ಆ ಸಂಕಟಕ್ಕೆ ಹೆಚ್ಚು ನ್ಯಾಯ ಸಲ್ಲಿಸಿದ್ದು ಅದೇ ವರ್ಷ ಬಂದ ಇನ್ನೊಂದು ಬರಹವೆಂದು ನಮಗೆ ತೋರುತ್ತದೆ. ದೆಹಲಿಯ ಏಮ್ಸ್‌ನಲ್ಲಿ ವೈದ್ಯಕೀಯ ಓದಿ ಕೆನಡಾದ ಟೊರಾಂಟೊದಲ್ಲಿ ನೆಲೆಸಿದ್ದ ಶಿತಿಜ್ ಕಪೂರ್ ಮನೋವಿಕಾರವನ್ನು ಅಸ್ಥಾನದಲ್ಲಿ ಹುಟ್ಟುವ ಮಹತ್ವ ಎಂದು ವಿವರಿಸಿದರು. ಡೋಪಮಿನ್ ಸಾಮಾನ್ಯವಾಗಿ ಮಹತ್ವವುಳ್ಳ ವಸ್ತುವಿನ ಮೇಲೆ ಗುರುತು ಹಾಕುತ್ತದೆ. ಅದು ಹದ ತಪ್ಪಿದಾಗ ಯಾವ ವಸ್ತುವಿನ ಮೇಲಾದರೂ ಗುರುತು ಬೀಳುತ್ತದೆ. ಎದುರಿನ ಅಂಗಡಿಯ ಕೆಂಪು ಬಕೆಟ್ಟು ಏಕೋ ತೀರ ಮುಖ್ಯವೆನಿಸುತ್ತದೆ. ಏಕೆ ಎಂಬ ಪ್ರಶ್ನೆಗೆ ಉತ್ತರ ಬೇಕಲ್ಲ? ತನ್ನ ಸಂಸ್ಕೃತಿಯ ದಾಸ್ತಾನಿನಿಂದ ಮನುಷ್ಯ ಉತ್ತರ ಹುಡುಕಿ ತರುತ್ತಾನೆ, ಆ ಉತ್ತರವೇ ಭ್ರಮೆ. ಔಷಧ ಗುರುತನ್ನು ಮಸುಕುಮಾಡೀತೇ ಹೊರತು ಕಟ್ಟಿಕೊಂಡ ಕಥೆಯನ್ನು ಕೂಡಲೇ ಅಳಿಸಲಾರದು, ಅದನ್ನು ಮರೆಯುವುದಕ್ಕೂ ಕಲಿಕೆಯಷ್ಟೇ ಕಾಲ ಬೇಕು. ಮನೆಯವರು ಮಾತ್ರೆ ನುಂಗಿಸಿದ ಮೂರನೆಯ ದಿನಕ್ಕೇ ವಾದಕ್ಕೆ ಕೂರುವುದು ಏಕೆ ವ್ಯರ್ಥವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ವಿವರಣೆಯನ್ನು ನಾವು ಓದಿಲ್ಲ.

1988ರ ಪ್ರಯೋಗದ ಗತಿ? ಹಲವು ಪ್ರಯೋಗಶಾಲೆಗಳು ಅದನ್ನು ಮತ್ತೆ ಮಾಡಿದವು. ಕೆಲವೆಡೆ ಅದೇ ಫಲ ಬಂತು, ಕೆಲವೆಡೆ ಬರಲಿಲ್ಲ. ಔಷಧ, ರೋಗದ ಘಟ್ಟ, ಎಣಿಕೆಯ ಕೆಲಸ ಎಷ್ಟು ಕಠಿಣ ಎಂಬುದು, ಎಲ್ಲವೂ ಫಲಿತಾಂಶವನ್ನು ಅತ್ತಿತ್ತ ಜಗ್ಗುತ್ತವೆಂದು ತಿಳಿಯಿತು. ಮೊದಲು ಏನೂ ಆಗುವುದಿಲ್ಲವೆಂದು ಕಲಿಸುವ ಹಂತದಲ್ಲಿ ಮನುಷ್ಯರು ಸದ್ದನ್ನು ನಿರ್ಲಕ್ಷಿಸುತ್ತಾರೋ, ಅಥವಾ ಅದು ಯಾವುದಕ್ಕೂ ಸಂಬಂಧಿಸಿಲ್ಲವೆಂಬ ಬೇರೆಯೇ ಪಾಠ ಕಲಿಯುತ್ತಾರೋ ಎಂಬ ಸಂದೇಹವೂ ಎದ್ದಿತು. ಪ್ರಯೋಗದ ವಿನ್ಯಾಸವನ್ನು ಬಿಗಿಗೊಳಿಸಿದ ಗ್ರೇಂಜರ್, ಮೊರಾನ್, ಬಕ್ಲಿ ಮತ್ತು ಹೇಸಲ್‌ಗ್ರೋವ್ 2016ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ ಸ್ಕಿಜೋಟೈಪಲ್ ಅಂಕ ಹೆಚ್ಚಿದ್ದವರ ಸುಪ್ತ ಪ್ರತಿಬಂಧ ಇತರರಿಗಿಂತ ಕಡಿಮೆಯಿರಲಿಲ್ಲ, ಹೆಚ್ಚಾಗಿತ್ತು.